ಎರಡಂತಸ್ತಿನ ಚೀಲ

ನನ್ನ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅದು ಎಲ್ಲಿ ತಪ್ಪಿದೆ ಎಂದು ಅರೆಗಳಿಗೆಯಲ್ಲಿ ಹೇಳಿಬಿಡುತ್ತಿದ್ದರು. ಅಂಗಡಿಯಿಂದ ತಂದ ಸೌಟಿನ ಹಿಡಿ ಗಿಡ್ಡವಾಯಿತು. ಲಾಟೀನಿನ ಕೊಂಡಿ ಸರಿಯಾಗಿ ಕೈ ಸುಡುವ ಜಾಗದಲ್ಲೇ ಇದೆ. ಕೊಡೆಯ ಹಿಡಿಕೆ ಗಂಡಸಿನ ಕೈ ನೋಡಿ ಮಾಡಿದ್ದು. ಹೇಳಿ ಸುಮ್ಮನಾಗುವ ಪೈಕಿಯೂ ಅಲ್ಲ. ಮರುದಿನ ಸೌಟಿಗೆ ಬಿದಿರಿನ ಹಿಡಿ ಬಂದಿರುತ್ತಿತ್ತು, ಲಾಟೀನಿನ ಕೊಂಡಿಗೆ ಬಳ್ಳಿ ಸುತ್ತಿರುತ್ತಿತ್ತು. ಮನೆಯವರೆಲ್ಲ ಇದನ್ನು ‘ಅವಳ ಕಿತಾಪತಿ’ ಎಂದು ನಗುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ನಾನೂ ಅವರ ಜೊತೆ ನಕ್ಕವಳೇ.

ಇದು ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವಿನ ಒಂದು ಹಳ್ಳಿಯಲ್ಲಿತ್ತು. ನನ್ನ ಗಂಡ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಪ್ರಾಜೆಕ್ಟಿನ ಕೆಲಸದಲ್ಲಿದ್ದರು, ತಿಂಗಳಿಗೆರಡು ಸಲ ಮನೆಗೆ ಬಂದರೆ ಹೆಚ್ಚು. ನಾನು ನಿಟ್ಟೂರು ಕಡೆಯ ಒಂದು ಶಾಲೆಯಲ್ಲಿ ಅಕ್ಕೋರಾಗಿದ್ದೆ. ಸೊಸೆ ಕೆಲಸಕ್ಕೆ ಹೋಗುವುದಕ್ಕೆ ಮಾವನವರ ಅಡ್ಡಿಯಿರಲಿಲ್ಲ, ನೆಂಟರು ಬಂದಾಗ ಅದನ್ನೇ ಹೇಳಿಕೊಂಡು ಬೀಗುತ್ತಿದ್ದರು. ಅಡ್ಡಿಯಿದ್ದದ್ದು ಚಪ್ಪಲಿಗೆ. ಆ ಮನೆಯ ಹೆಂಗಸರು ಯಾರೂ ಕಾಲಿಗೆ ಏನನ್ನೂ ಮೆಟ್ಟಿದವರಲ್ಲ. ಜಗಲಿಯ ಮೆಟ್ಟಿಲ ಕೆಳಗೆ ಇರುತ್ತಿದ್ದದ್ದು ಮಾವನವರ ಕಿರುಗುಟ್ಟುವ ಜೋಡು ಒಂದೇ. ನಾನು ಸಾಗರದ ಹೈಸ್ಕೂಲಿಗೆ ಚಪ್ಪಲಿ ಮೆಟ್ಟಿಕೊಂಡೇ ಹೋದವಳು. ಮದುವೆಯ ಮರುದಿನ ನನ್ನ ಚಪ್ಪಲಿ ಅಟ್ಟ ಸೇರಿತು, ಯಾರೂ ಒಂದು ಮಾತೂ ಆಡಲಿಲ್ಲ. ನನಗೆ ಉರಿದುಹೋಯಿತು.

ಮನೆಯಿಂದ ಟಾರು ರಸ್ತೆಗೆ ಒಂದೂವರೆ ಮೈಲಿ. ಬಸ್ಸಿಳಿದ ಮೇಲೆ ಶಾಲೆಗೆ ಮತ್ತೆ ಅಷ್ಟೇ ಕಾಲುದಾರಿ, ಅದರಲ್ಲಿ ಅರ್ಧ ಮುಳ್ಳು, ಅರ್ಧ ಜಂಬಿಟ್ಟಿಗೆ ಕಲ್ಲು. ಮೊದಲ ವರ್ಷವೇ ಹಿಮ್ಮಡಿಗೆ ಮುಳ್ಳು ಮುರಿದು ಕೀವಾಯಿತು. ಹೊಸನಗರದಲ್ಲಿ ಕೊಯ್ಯಿಸಿಕೊಂಡು ಬಂದು ಹದಿನೈದು ದಿನ ಮಲಗಿದೆ. ಮಾವನವರು ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ಕಾಲು ನೋಡಿ ಹೋಗುತ್ತಿದ್ದರು. ಕೊನೆಗೆ ಅತ್ತೆಯ ಹತ್ತಿರ ಹೇಳಿದರು, “ಇನ್ನೊಂದ್ಸಲ ಹೀಂಗಾದ್ರೆ ಕೆಲಸ ಸಾಕು ಅಂತ ಹೇಳು. ಕಾಲೇ ಹೋದ್ಮೇಲೆ ಸಂಬಳ ತಗಂಡು ಎಂತ ಮಾಡೋದು?”

ಕೆಟ್ಟತನದಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅಕ್ಕರೆಯಿಂದ ಕಟ್ಟಿಹಾಕುವವರ ಜೊತೆ ಹೇಗೆ ಜಗಳವಾಡುವುದು? ಆ ಶಾಲೆಯ ಕೆಲಸ ನನ್ನ ಜೀವವಾಗಿತ್ತು. ಇನ್ನೊಂದು ಮುಳ್ಳು ಚುಚ್ಚಿದರೆ ಅದು ಹೋಗುತ್ತಿತ್ತು, ಅಷ್ಟೇ ಲೆಕ್ಕ.

ನನ್ನ ಗಂಡ ಸಾಗರದಿಂದ ಒಂದು ಜೊತೆ ಹವಾಯಿ ಚಪ್ಪಲಿ ತಂದುಕೊಟ್ಟರು. ಬಿಳಿ ಅಟ್ಟೆ, ನೀಲಿ ಪಟ್ಟಿ. ಆಗ ಅದು ನಮ್ಮ ಕಡೆಗೆ ಹೊಸತು. ಅವನ್ನು ಜಗಲಿಗೆ ಕಾಣದ ಹಾಗೆ, ಬೇಲಿಯ ದಣಪೆ ದಾಟಿದ ತಿರುವಿನ ಲಕ್ಕಿ ಗಿಡದ ಬುಡದಲ್ಲಿ ಬಚ್ಚಿಟ್ಟೆ. ಬೆಳಿಗ್ಗೆ ಅಲ್ಲಿಯವರೆಗೆ ಬರಿಗಾಲು, ಅಲ್ಲಿಂದ ಚಪ್ಪಲಿ, ಸಂಜೆ ಮತ್ತೆ ಗಿಡದ ಬುಡಕ್ಕೆ. ಇಪ್ಪತ್ತು ದಿನ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಒಂದೇ ಚಪ್ಪಲಿಯಿದೆ, ಇನ್ನೊಂದನ್ನು ನಾಯಿ ಕಚ್ಚಿಕೊಂಡು ಹೋಗಿತ್ತು. ಆ ದಿನ ಬರಿಗಾಲಲ್ಲೇ ಶಾಲೆಗೆ ಹೋಗಿ, ಸಂಜೆ ಉಳಿದೊಂದು ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಬಂದೆ. ಅತ್ತೆಯನ್ನು ಕಂಡದ್ದೇ ಅಳು ಬಂತು.

ಅತ್ತೆ ನನ್ನ ಕಣ್ಣೀರಿನ ಕಡೆ ನೋಡಲೇ ಇಲ್ಲ. ಚಪ್ಪಲಿಯನ್ನು ತೆಗೆದುಕೊಂಡು ಮಗುಚಿದರು, ಬಗ್ಗಿಸಿದರು, ಮೂಸಿದರು.

“ಇದು ಚರ್ಮ ಅಲ್ವಲ್ಲೇ?”

“ರಬ್ಬರು ಅತ್ತೆಮ್ಮ. ಮರದ ಹಾಲಿಂದ ಮಾಡ್ತಾರಂತೆ.”

“ಮರದ ಹಾಲಿಗೆ ಎಂಥ ಮೈಲಿಗೆ? ಹಂಗಾರೆ ಬುತ್ತಿ ಇಟ್ಟ ಚೀಲದಲ್ಲೇ ಇಡಬೌದು, ಪುಸ್ತಕದ ಜೊತೆಗೂ ಇಡಬೌದು.”

“ಬಚ್ಚಿಡೋದು ಎಂತಕ್ಕೆ? ನಾಳೆಯಿಂದ ಜಗಲಿಯಿಂದ್ಲೇ ಮೆಟ್ಕೊಂಡು ಹೋಗ್ತೀನಿ, ಆಗಿದ್ದಾಗ್ಲಿ,” ಎಂದೆ.

“ನಿನ್ನ ಸಿಟ್ಟಿಗಿಷ್ಟು ಬೆಂಕಿ ಹಾಕ! ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಕಣೆ. ನಾಕು ದಿನ ತಡಿ,” ಎಂದು ಅವರು ಒಂಟಿ ಚಪ್ಪಲಿಯನ್ನು ಅಕ್ಕಿ ತುಂಬಿಡುವ ಕಲಬಿಯ ಹಿಂದೆ ಇಟ್ಟುಕೊಂಡರು.

ನಾಲ್ಕಲ್ಲ, ಹತ್ತು ದಿನವಾಯಿತು. ಅತ್ತೆ ನನಗೊಂದು ಚೀಲ ಹೊಲಿಯಲು ಕೂತರು, ನನ್ನ ಗಂಡನ ಹಳೆಯ ಖಾಕಿ ಕೋಟನ್ನು ಬಿಚ್ಚಿ ಅದರ ಹೊರಮೈಗೆ ಹಾಕಿದರು. ಚೀಲಕ್ಕೆ ಎರಡು ಅಂತಸ್ತು. ಮೇಲಿನದು ಪುಸ್ತಕಕ್ಕೆ ಮತ್ತು ಬುತ್ತಿಗೆ. ಕೆಳಗಿನದನ್ನು ಆ ಒಂಟಿ ಚಪ್ಪಲಿಯನ್ನೇ ಅಳತೆಗಿಟ್ಟುಕೊಂಡು ಹೊಲಿದರು. ಒದ್ದೆ ಚಪ್ಪಲಿಯ ನೀರು ಮೇಲಕ್ಕೆ ಹತ್ತದ ಹಾಗೆ ನಡುವೆ ಹಳೆಯ ಕೊಡೆಯ ಬಟ್ಟೆ. ಕೆಳಗಿನ ಅಂತಸ್ತಿನ ಬಾಯಿ ಮಗ್ಗುಲಲ್ಲಿತ್ತು, ಅದಕ್ಕೆ ಕರಟ ತೇದು ಮಾಡಿದ ಗುಂಡಿ. “ಮೇಲಿಂದ ಬಾಯಿ ಇಟ್ರೆ ಬುತ್ತಿ ತೆಗೆದು ಹೊರಗಿಟ್ಟು ಚಪ್ಪಲಿ ತೆಗೀಬೇಕು. ನಾಕು ಜನ ನೋಡ್ತಾರೆ,” ಎಂದರು. ಹಿಡಿಕೆಗೆ ಬೆತ್ತವನ್ನು ಬೆಂಕಿಗೆ ಹಿಡಿದು ಬಗ್ಗಿಸಿದ್ದರು. ನಾನು ಎಡಹೆಗಲಿಗೆ ಹಾಕುವವಳು ಎಂದು ಗಮನಿಸಿ ಗುಂಡಿಯನ್ನು ಬಲಗೈಗೆ ಸಿಗುವ ಕಡೆಗೇ ಇಟ್ಟಿದ್ದರು. ಅಷ್ಟರಲ್ಲಿ ನನ್ನ ಗಂಡ ಹೊಸ ಜೊತೆ ತಂದಿದ್ದರು. ಚಪ್ಪಲಿ ಮನೆಯೊಳಗೇ ನನ್ನ ಚೀಲದಲ್ಲಿ ಮಲಗತೊಡಗಿತು.

ಒಮ್ಮೆ ವಾರಪತ್ರಿಕೆಯಲ್ಲಿ ಬಂದ ಪೇಟೆಯ ವ್ಯಾನಿಟಿ ಬ್ಯಾಗಿನ ಚಿತ್ರ ತೋರಿಸಿ, “ಇಂಥದ್ದೊಂದು ಮಾಡ್ತೀರಾ?” ಎಂದು ಕೇಳಿದೆ. ಅತ್ತೆ ಬಹಳ ಹೊತ್ತು ನೋಡಿದರು. “ಇದು ಹಿಡ್ಕಂಡು ನಿಂತ್ಕಳೋರಿಗೆ. ನಡೆಯೋರಿಗಲ್ಲ,” ಎಂದು ಪತ್ರಿಕೆ ವಾಪಸು ಕೊಟ್ಟರು.

ನನ್ನ ಚೀಲ ನೋಡಿ ಶಾಲೆಯ ಇನ್ನೊಬ್ಬ ಅಕ್ಕೋರು ತಮಗೂ ಬೇಕೆಂದರು. ಅವರ ಮನೆಯಲ್ಲೂ ಅದೇ ಕಥೆ. ಆಮೇಲೆ ಹೆರಿಗೆಗೆಂದು ಊರೂರು ಸುತ್ತುವ ನರ್ಸಮ್ಮ ಬಂದರು. ಅವರಿಗೆ ಅತ್ತೆ ಮೇಲಿನ ಅಂತಸ್ತಿನಲ್ಲಿ ಔಷಧದ ಸೀಸೆಗಳು ನೆಟ್ಟಗೆ ನಿಲ್ಲುವ ಗೂಡುಗಳನ್ನು ಮಾಡಿಕೊಟ್ಟರು. ಅಳತೆ ತೆಗೆಯುವ ಮೊದಲು ಅತ್ತೆ ಪ್ರತಿಯೊಬ್ಬರನ್ನೂ ಅಂಗಳದಲ್ಲಿ ಒಂದು ಸುತ್ತು ನಡೆಸಿ ನೋಡುತ್ತಿದ್ದರು. ಒಂದೇ ಒಂದು ಕೊರತೆ ಅವರನ್ನು ಕೊರೆಯುತ್ತಿತ್ತು. ಬಸ್ಸಿನಲ್ಲಿ ಕೆಳಗಿಟ್ಟರೆ ಚೀಲ ಮಗುಚಿಕೊಳ್ಳುತ್ತಿತ್ತು, ತಳ ಒದ್ದೆಯಾಗುತ್ತಿತ್ತು. “ಅದಕ್ಕೆ ನಿಲ್ಲೋಕೆ ಬರಲ್ಲ,” ಎಂದು ಊಟ ಬಡಿಸುವಾಗಲೂ ಅದೇ ಮಾತು.

ಇಷ್ಟೆಲ್ಲ ನಡೆದರೂ ಮಾವನವರಿಗೆ ಒಳಗುಟ್ಟು ತಿಳಿದಿರಲಿಲ್ಲ. ಚೀಲದ ಮೇಲೆ ಮಾತ್ರ ಅವರ ಕಣ್ಣು ಬಿತ್ತು. “ಊರಿನವರಿಗೆಲ್ಲ ಹೊಲಿದು ಕೊಡ್ತೀಯ, ನಂಗೊಂದಿಲ್ಲ?” ಎಂದು ಕೇಳಿದರು. ಅತ್ತೆ ಅವರಿಗೂ ಒಂದು ಹೊಲಿದರು, ಅದೂ ಎರಡಂತಸ್ತಿನದೇ. “ಕೆಳಗಿಂದು ಎಂತಕ್ಕೆ?” ಎಂದು ಮಾವನವರು ಕೇಳಿದರೆ, “ಬೇಕಾಗ್ತದೆ, ಇರಲಿ,” ಎಂದರು. ನಾನು ಒಲೆಯ ಕಡೆ ತಿರುಗಿ ನಗು ನುಂಗಿಕೊಂಡೆ.

ಆ ಚೀಲ ಹಾಕಿಕೊಂಡು ಅವರು ತೀರ್ಥಹಳ್ಳಿಗೆ ಹೋದರು. ಸಂಜೆ ಬಂದವರು ಕಾಲು ತೊಳೆಯಲಿಲ್ಲ, ನೀರು ಕೇಳಲಿಲ್ಲ. ಜಗಲಿಯಲ್ಲಿ ಕೂತು ನಮ್ಮಿಬ್ಬರನ್ನೂ ಕರೆದರು.

“ಬಸ್‌ಸ್ಟ್ಯಾಂಡಲ್ಲಿ ನರ್ಸಮ್ಮ ಸಿಕ್ಕಿದ್ಲು. ಇಂಥದ್ದೇ ಚೀಲ. ನನ್ನ ಎದುರಿಗೇ ಮಗ್ಗುಲ ಗುಂಡಿ ಬಿಚ್ಚಿದ್ಲು, ಚಪ್ಪಲಿ ತೆಗೆದ್ಲು, ಮೆಟ್ಟಿಕೊಂಡು ನಡೆದ್ಲು. ಕೆಳಗಿನ ಅಂತಸ್ತು ಎಂತಕ್ಕೆ ಅಂತ ಇವತ್ತು ಗೊತ್ತಾಯ್ತು.”

ಕೆಲಸ ಹೋಯಿತು ಎಂದೇ ಎಣಿಸಿದೆ. ಅತ್ತೆ ಮಾತ್ರ ನೆಟ್ಟಗೆ ನಿಂತಿದ್ದರು.

“ನಿನ್ನ ಚೀಲದಲ್ಲೂ ಉಂಟಾ?” ನನ್ನನ್ನು ಕೇಳಿದರು.

“ಉಂಟು ಮಾವಯ್ಯ.”

“ಎಷ್ಟು ದಿನ ಆಯ್ತು?”

“ವರ್ಷ ಆಗ್ತಾ ಬಂತು.”

ಅವರು ಬಗ್ಗಿ ನನ್ನ ಪಾದ ನೋಡಿದರು. “ಅದಕ್ಕೇ ಮುಳ್ಳು ಚುಚ್ಚಿಲ್ಲ,” ಎಂದರು. “ನಾಳೆಯಿಂದ ಇಲ್ಲಿಂದ್ಲೇ ಮೆಟ್ಕ. ಕಳ್ಳರ ಹಂಗೆ ಎಂತಕ್ಕೆ?” ಆಮೇಲೆ ತಮ್ಮ ಚೀಲವನ್ನು ಅತ್ತೆಯ ಕಡೆಗೆ ನೂಕಿದರು. “ಇವಳೇ, ಕೆಳಗಿಂದು ತೆಗಿ.”

ಅತ್ತೆ ಕರಟದ ಗುಂಡಿ ಬಿಚ್ಚಿದರು. ಒಳಗೆ ಒಂದು ಜೊತೆ ಹವಾಯಿ ಚಪ್ಪಲಿ. ನನ್ನ ಅಳತೆಗಿಂತ ಚಿಕ್ಕದು. ಮಾವನವರು ಅಂಗಳದ ಕಡೆ ನೋಡುತ್ತಾ, “ನಿಂಗೇ,” ಎಂದರು. ಅತ್ತೆ ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನದಿಂದ ಅವರು ಹಿತ್ತಲಲ್ಲಿ, ಹಲಸಿನ ಮರದಿಂದ ಬಾವಿಯವರೆಗೆ ನಡೆದು ಅಭ್ಯಾಸ ಮಾಡಿದರು. ನಾನು ಕೈ ಹಿಡಿದುಕೊಳ್ಳುತ್ತಿದ್ದೆ. ಹುಟ್ಟಿದಂದಿನಿಂದ ಬರಿಗಾಲಲ್ಲಿ ನಡೆದ ಪಾದ, ಬೆರಳುಗಳೆಲ್ಲ ಬೀಸಣಿಗೆಯಂತೆ ಹರಡಿದ್ದವು. ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಪಟ್ಟಿ ನಡುವೆ ನಿಲ್ಲುತ್ತಲೇ ಇರಲಿಲ್ಲ. ಎರಡು ಹೆಜ್ಜೆಗೆ ಚಪ್ಪಲಿ ಮುಂದೆ ಹಾರುತ್ತಿತ್ತು, ಅತ್ತೆ ಹಿಂದೆ ಉಳಿಯುತ್ತಿದ್ದರು. ಮೊದಮೊದಲು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎಂಟನೆಯ ದಿನ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಎದ್ದು ಕೂತು ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ತಪ್ಪು ಎಲ್ಲಿದೆ ಎಂದು ಹುಡುಕುವ ಹಾಗೆ ನೋಡಿಕೊಂಡರು. “ಚಪ್ಪಲಿ ಸರಿ ಉಂಟು ಕಣೆ. ಕಾಲೇ ಹೊತ್ತು ಮೀರಿದ್ದು,” ಎಂದರು. ಆಗ ನನಗೆ ನಗು ಬರಲಿಲ್ಲ. ನಾನು ಕಳ್ಳತನದಲ್ಲಾದರೂ ಮೆಟ್ಟಿದ್ದೆ. ಅವರಿಗೆ ಅದೂ ಇರಲಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಸ್ವಲ್ಪ ದಿನ ಆ ಚಪ್ಪಲಿ ಗೂಟಕ್ಕೆ ನೇತುಬಿದ್ದಿತ್ತು. ಒಂದು ಭಾನುವಾರ ಅತ್ತೆ ಅವನ್ನು ಇಳಿಸಿ, ಕತ್ತಿಯಿಂದ ಅಟ್ಟೆಯನ್ನು ಎಂಟು ತುಂಡು ಮಾಡಿದರು. ನನ್ನ ಚೀಲದ ತಳದ ನಾಲ್ಕು ಮೂಲೆಗೆ ನಾಲ್ಕು, ಮಾವನವರ ಚೀಲಕ್ಕೆ ನಾಲ್ಕು. ದಬ್ಬಳದಲ್ಲಿ ಬಿಗಿಯಾಗಿ ಹೊಲಿದು ಜಗಲಿಯ ಮೇಲಿಟ್ಟರು. ಚೀಲ ನೆಟ್ಟಗೆ ನಿಂತಿತು, ತಳ ನೆಲ ಮುಟ್ಟಲಿಲ್ಲ.

ಮಾವನವರು ಚೀಲ ಎತ್ತಿ ಕೆಳಗೆ ನೋಡಿದರು. “ಮಾರಾಯ್ತಿ, ಆಸೆಪಟ್ಟು ತಂದದ್ದು. ಕತ್ತರಿಸಿಬಿಟ್ಯಲ್ಲೇ.”

“ನೀವು ಮೂವತ್ತು ವರ್ಷ ಮುಂಚೆ ತರಬೇಕಿತ್ತು,” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದು ಸೂಜಿಗೆ ಪೋಣಿಸುತ್ತಾ ಹೇಳಿದ ಮಾತು. ಮಾವನವರು ಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

ಸೋಮವಾರ ನಾನು ಜಗಲಿಯಿಂದಲೇ ಚಪ್ಪಲಿ ಮೆಟ್ಟಿ ಹೊರಟೆ. ಬಸ್ಸಿನಲ್ಲಿ ಚೀಲವನ್ನು ಕಾಲ ಬಳಿ ಇಟ್ಟೆ. ತಿರುವಿನಲ್ಲಿ ಎಲ್ಲರ ಗಂಟುಮೂಟೆ ಉರುಳಿದರೂ ಅದು ಅಲುಗಾಡಲಿಲ್ಲ. ಅತ್ತೆ ಬದುಕಿರುವವರೆಗೆ ಒಮ್ಮೆಯೂ ನಿಟ್ಟೂರು ನೋಡಲಿಲ್ಲ. ಅವರ ಚಪ್ಪಲಿ ಮಾತ್ರ ದಿನಾ ಹೋಗಿ ಬರುತ್ತಿತ್ತು.