ಅಮೆರಿಕದ ಅಧ್ಯಕ್ಷರೂ ನನ್ನ ಎರಡನೇ ಹಾಳೆಯೂ

ಕರೆಂಟು ಹೋಗಬಹುದಿತ್ತು. ಮಳೆ ಜೋರಾಗಿ ಬಂದು, ಸಭಾಂಗಣದ ತಗಡಿನ ಮಾಡಿನ ಸದ್ದಿನಲ್ಲಿ ನನ್ನ ಭಾಷಣದ ಒಂದು ಮಾತೂ ಕೇಳಿಸದೆ ಹೋಗಬಹುದಿತ್ತು. ಇದಕ್ಕಾಗಿ ಒಳಗೊಳಗೇ ಬೇಡಿಕೊಂಡೂ ಇದ್ದೆ. ಹಂಚಿನ ಕಾರ್ಖಾನೆಯ ಕೆಂಬಾವುಟದವರು ಯಾರಾದರೂ ಹಿಂದಿನ ಬೆಂಚಿನಿಂದ ಎದ್ದು, ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಹುದಿತ್ತು. ನಾನೇ ಕ್ಯೂಬಾ ಎನ್ನುವಲ್ಲಿ ಕೊರಿಯಾ ಎಂದುಬಿಡಬಹುದಿತ್ತು. ಇಷ್ಟನ್ನೂ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಮುಂದಿನ ಸಾಲಿನಲ್ಲಿ ಕೂತ ಅಪ್ಪ ನಡುವೆಯೇ ಎದ್ದು, ಕೊಡೆ ತೆಗೆದುಕೊಂಡು, ಇಗರ್ಜಿಯ ಜನರೆಲ್ಲರ ಎದುರು ಹೊರಗೆ ನಡೆದುಬಿಟ್ಟರೆ?

ಅದು ಚೀನಾ ಯುದ್ಧದ ಮರುವರ್ಷ. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಹೊಸ ಮಾಸ್ಟ್ರು. ಚಿಂತೆ ಮಾಡುವುದರಲ್ಲಿ ಮಾತ್ರ ಆಗಲೇ ಹಳಬ.

ಅಪ್ಪ ಬಂದರಿನ ಗೋದಾಮೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಮೆರಿಕಕ್ಕೆ ಮೊದಲ ಬಾರಿಗೆ ನಮ್ಮ ಹಾಗೆ ಕಥೋಲಿಕನೊಬ್ಬ ಅಧ್ಯಕ್ಷನಾದಾಗ ಪೇಪರಿನಿಂದ ಅವನ ಚಿತ್ರ ಕತ್ತರಿಸಿ, ಕಟ್ಟು ಹಾಕಿಸಿ, ಕುಲಶೇಖರದ ನಮ್ಮ ಮನೆಯ ಪ್ರಾರ್ಥನಾಪೀಠದ ಮೇಲೆ ತೂಗುಹಾಕಿದರು. ಯೇಸುವಿನ ಚಿತ್ರಕ್ಕಿಂತ ಒಂದು ಗೇಣು ಕೆಳಗೆ. ಅಷ್ಟು ವಿವೇಕ ಅವರಿಗಿತ್ತು.

ಅಂಥ ಮನೆಯ ಮಗನಿಗೆ ಪಾದ್ರಿಗಳು ಹೇಳಿದರು: "ಅಮೆರಿಕದ ಅಧ್ಯಕ್ಷರ ಆಡಳಿತದ ಬಗ್ಗೆ ಒಂದು ಭಾಷಣ ಮಾಡಿ ಮಾಸ್ಟ್ರೇ. ದೇಶದೊಳಗೆ ಎಂತ ಮಾಡಿದ್ದಾರೆ, ಹೊರಗೆ ಎಂತ ಮಾಡಿದ್ದಾರೆ. ಹೊಗಳ್ಲಿಕ್ಕೆ ಇಲ್ಲಿ ಬೇಕಾದಷ್ಟು ಜನ ಉಂಟು. ನೀವು ಒಳ್ಳೇದು, ಕೆಟ್ಟದ್ದು ಎರಡೂ ಹೇಳಬೇಕು."

ಎರಡು ಹಾಳೆ ಬರೆದೆ. ಮೊದಲನೆಯದರಲ್ಲಿ ನಮ್ಮ ಹಡಗುಕಟ್ಟೆಗಳಿಗೆ ಬಂದ ಗೋಧಿ, ಮಕ್ಕಳ ಹಾಲಿನ ಪುಡಿ, ಯುದ್ಧದ ಹೊತ್ತಿಗೆ ಕಳಿಸಿದ ಶಸ್ತ್ರ, ಅಣುಬಾಂಬಿನ ಪರೀಕ್ಷೆಗೆ ಹಾಕಿದ ಕಡಿವಾಣ. ಎರಡನೆಯದರಲ್ಲಿ ಕ್ಯೂಬಾಕ್ಕೆ ಜನ ನುಗ್ಗಿಸಿ ಮುಖ ಕೆಡಿಸಿಕೊಂಡದ್ದು, ಕರಿಯರ ಹಕ್ಕಿನ ವಿಷಯದಲ್ಲಿ ಎರಡು ವರ್ಷ ಮೀನ ಮೇಷ ಎಣಿಸಿದ್ದು, ವಿಯೆಟ್ನಾಮಿಗೆ ಸಲಹೆಗಾರರೆಂದು ಸೈನಿಕರನ್ನು ಕಳಿಸುತ್ತಲೇ ಇದ್ದದ್ದು.

ದಿನವೂ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಪೀಠದ ಎದುರು ನಿಂತು ಮೊದಲ ಹಾಳೆ ಓದಿ ಅಭ್ಯಾಸ ಮಾಡುತ್ತಿದ್ದೆ. ಓದಿ ಮುಗಿದ ಕೂಡಲೇ ಅಮ್ಮ, "ಪಾಪ, ಅವನಿಗೂ ಎಷ್ಟು ಕೆಲಸ" ಎಂದು ಶಿಲುಬೆಯ ಗುರುತು ಮಾಡಿ ಅಧ್ಯಕ್ಷರ ಹೆಸರಿನಲ್ಲಿ ಒಂದು ಪ್ರಾರ್ಥನೆ ಶುರುಮಾಡುವರು. ನಾವೆಲ್ಲ ಎದ್ದು ನಿಂತು ಅದೇ ಗುರುತು ಮಾಡಿ ದನಿಗೂಡಿಸುವೆವು. ಕೊನೆಗೆ ನಮ್ಮವರ ಪದ್ಧತಿಯಂತೆ ಕಿರಿಯರು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡಿ ಊಟಕ್ಕೆ ಹೋಗುವುದು. ಎರಡನೇ ಹಾಳೆಯನ್ನು ಬಚ್ಚಲಲ್ಲಿ ಓದಿಕೊಂಡೆ.

ಅಪ್ಪನಿಗೆ ವಾಸನೆ ಬಡಿದಿತ್ತು. "ಇಷ್ಟೇಯಾ ಪುತಾ? ಬೇರೆ ಎಂತದೂ ಇಲ್ವಾ?"

"ಸ್ವಲ್ಪ ಉಂಟು."

"ಆ ಸ್ವಲ್ಪದಲ್ಲಿ ಅವನಿಗೆ ಅಡ್ಡ ಮಾತು ಹೇಳಿದ್ರೆ ನಾನು ಎದ್ದು ಹೋಗ್ತೇನೆ ನೋಡು."

"ನೀವು ಕೂತು ಕೇಳಿ ಮಾರಾಯ್ರೇ ಮೊದಲು," ಎಂದರು ಅಮ್ಮ. "ಕಂಬಳಕ್ಕೆ ಕೋಣ ಹೊರಡಿಸಿದ ಹಾಗೆ ಹೊರಡುವುದು ಬೇಡ."

ಆ ಸಂಜೆ ಕರೆಂಟು ಹೋಗಲಿಲ್ಲ. ಮಳೆ ಮೋಸ ಮಾಡಿತು, ಒಂದು ಹನಿಯೂ ಬೀಳಲಿಲ್ಲ. ಕೆಂಬಾವುಟದವರು ಬಂದು ಕೊನೆಯ ಬೆಂಚಿನಲ್ಲಿ ಒಳ್ಳೆಯ ಮಕ್ಕಳ ಹಾಗೆ ಕೂತರು. ಮೊದಲ ಹಾಳೆಗೆ ಚಪ್ಪಾಳೆ ಬಿತ್ತು. ಎರಡನೆಯದನ್ನು ತೆಗೆದಾಗ ಅಪ್ಪನ ಕೈ ಕೊಡೆಯ ಹಿಡಿಯ ಮೇಲೆ ಹೋದದ್ದು ಕಂಡಿತು. ಆಮೇಲೆ ತಲೆ ಎತ್ತಲಿಲ್ಲ. ಒಂದೇ ಉಸಿರಿಗೆ ಓದಿದೆ, ಒಂದು ಸಾಲೂ ಬಿಡದೆ. ನಿಲ್ಲಿಸಿ ನೋಡಿದರೆ ಕೊಡೆ ಅಲ್ಲೇ ಇತ್ತು, ಅಪ್ಪನೂ ಅಲ್ಲೇ ಇದ್ದರು.

ನೆಮ್ಮದಿಗೋ, ಅಷ್ಟು ದಿನದ ಅಭ್ಯಾಸಕ್ಕೋ, ವಂದನೆ ಹೇಳಬೇಕಾದವನು ಶಿಲುಬೆಯ ಗುರುತು ಮಾಡಿಬಿಟ್ಟೆ.

ಇಡೀ ಸಭೆ ಧಡಧಡನೆ ಎದ್ದು ನಿಂತಿತು. ನಮ್ಮ ಜನ ಆ ಕೈ ಕಂಡರೆ ಕೂತಿರುವವರಲ್ಲ. ಪ್ರಾರ್ಥನೆ ಯಾರು ಶುರುಮಾಡುವುದೆಂದು ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು. ಶುರುಮಾಡಿದ್ದು ಅಪ್ಪ, ಸಭಾಂಗಣ ತುಂಬುವ ದನಿಯಲ್ಲಿ. ಮುಗಿದದ್ದೇ ಕಿರಿಯರು ಹಿರಿಯರ ಮುಂದೆ ತಲೆ ಬಗ್ಗಿಸಿದರು. ನಾನೂ ವೇದಿಕೆ ಇಳಿದು ಬಗ್ಗಿಸಿದೆ. ಅಪ್ಪ ತಲೆಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಹೇಳಿದರು: "ಎರಡನೇ ಹಾಳೆ ಎಂತಕ್ಕೆ ಹಾಗೆ ಓಡಿಸಿದ್ದು? ಹಿಂದಿನವರಿಗೆ ಕೇಳಿರ್ಲಿಕ್ಕಿಲ್ಲ."

ಬೆಸಾಂವ್ ಆಯಿತೆಂದರೆ ಊಟದ ಹೊತ್ತು. ಜನ ಮನೆಗೆ ಹೊರಟೇಬಿಟ್ಟರು. ಪಾದ್ರಿಗಳು ಬರೆದು ತಂದಿದ್ದ ಸಮಾರೋಪ ಭಾಷಣ ಅವರ ಜೇಬಿನಲ್ಲೇ ಉಳಿಯಿತು.