ಸೆರಗಿನ ಮರೆಯ ಮಾತು

ನನಗೆ ನಟನೆ ಕಲಿಸಿದ ಹೆಂಗಸನ್ನು, ಆಕೆಯ ಎದುರಿಗೇ, ಗೊತ್ತಿಲ್ಲ ಎಂದವನು ನಾನು. ಟೀವಿ ಧಾರಾವಾಹಿಗಳಲ್ಲಿ ಊರಗೌಡ, ಹುಡುಗಿಯ ಅಪ್ಪ, ಲಂಚಕೋರ ಅಧಿಕಾರಿ — ಇಂಥ ಪಾತ್ರಗಳಲ್ಲಿ ನೀವು ನೋಡಿರಬಹುದಾದ ಈ ಮುಖ ಮರ್ಯಾದಸ್ತನದಲ್ಲ. ಸನ್ಮಾನಗಳಲ್ಲಿ ಶಾಲು ಹೊದ್ದು, ‘ನಾನು ಯಾರಿಂದಲೂ ಕಲಿತವನಲ್ಲ, ತಾನಾಗಿ ಒಲಿದು ಬಂತು’ ಎಂದು ಬಾಯಿ ತುಂಬ ಹೇಳಿದ್ದೇನೆ. ಥೂ!

ಆಕೆ ಕೂಡ್ಲಿಗಿಯ ಹನುಮಕ್ಕ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗರು ನಾಟಕ ಆಡಿದರೆ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದೆವು. ಅವರು ಬರುತ್ತಿದ್ದದ್ದು ನಾಟಕದ ದಿನವೇ. ಆದರೂ ಎಲ್ಲರ ಮಾತೂ ಅವರಿಗೆ ಬಾಯಿಪಾಠ. ಕೊಟ್ಟೂರಿನ ಹತ್ತಿರದ ನಮ್ಮೂರಲ್ಲಿ ನಾನು ಮೊದಲ ಸಲ ಬಣ್ಣ ಹಚ್ಚಿ, ಮಾತು ಮರೆತು, ಕಲ್ಲಿನ ಹಾಗೆ ನಿಂತೆ. ತಾಯಿಯ ಪಾತ್ರದ ಹನುಮಕ್ಕ ಅಳುವವರಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅದರ ಮರೆಯಿಂದ ನನ್ನ ಮಾತನ್ನು ನನಗೆ ಉಸುರಿದರು. ಜನ ಚಪ್ಪಾಳೆ ತಟ್ಟಿದ್ದು ನನಗೆ! ಆಮೇಲೆ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ — ಜೊತೆಯಾದಲ್ಲೆಲ್ಲ ಎಲ್ಲಿ ಉಸಿರು ಹಿಡಿಯಬೇಕು, ಯಾವಾಗ ಕಣ್ಣೆತ್ತಬೇಕು ಎಂದು ಹೇಳಿಕೊಟ್ಟರು.

ಬೆಂಗಳೂರು ಸೇರಿ, ಚೂರುಪಾರು ಪಾತ್ರ ಹಿಡಿದು, ‘ರಂಗಭೂಮಿ ಕಲಾವಿದ’ ಎಂದು ಹೇಳಿಕೊಂಡು ತಿರುಗಿದೆ. ಹಳ್ಳಿ ನಾಟಕ ಎಂದರೆ ಅಲ್ಲಿ ಮೂಗು ಮುರಿಯುತ್ತಿದ್ದರು. ಬಾಡಿಗೆ ನಟಿಯರೆಂದರೆ ಇನ್ನೂ ಕೊಳಕಾಗಿ ನಗುತ್ತಿದ್ದರು. ನಾನೂ ನಕ್ಕೆ — ಅವರಿಗಿಂತ ಜೋರಾಗಿ.

ಮುಂದೆ ಧಾರಾವಾಹಿಯೊಂದರ ಚಿತ್ರೀಕರಣ ನಮ್ಮ ಕಡೆಯದೇ ಆದ ಮಾಗಳದ ಹೊಳೆದಂಡೆಗೆ ಬಂತು. ಮಗನನ್ನು ಮಣ್ಣು ಮಾಡುವ ಗೌಡನ ಪಾತ್ರ ನನ್ನದು. ನೋಡಲು ನೆರೆದವರ ಮುಂದೆಯೇ ಹನುಮಕ್ಕ ನಿಂತಿದ್ದರು. ಅವರನ್ನು ಕಂಡದ್ದೇ ಮಾತು ಮರೆತೆ. ಸಹಾಯಕ ಎಲ್ಲರಿಗೂ ಕೇಳುವಂತೆ ಓದಿ ಹೇಳಿದ. ಮತ್ತೆ ಮರೆತೆ. ಆಗ ಹನುಮಕ್ಕನ ಸೆರಗು ಬಾಯಿಗೆ ಹೋಯಿತು.

“ಮಣ್ಣು ಹಾಕಬ್ಯಾಡ್ರಿ... ಅವಗ ಉಸಿರು ಕಟ್ಟತೈತಿ.”

ನಿರ್ದೇಶಕರಿಗೂ ಕೇಳಿಸಿತು. “ಯಾರ್ರೀ ಅದು, ನಿಮಗೆ ಪಾಠ ಹೇಳ್ಕೊಡ್ತಿರೋದು?” ಎಂದರು. ಎಲ್ಲರೂ ನಕ್ಕರು.

“ಯಾರೋ ಸರ್, ನಂಗೊತ್ತಿಲ್ಲ. ನಾಟಕಕ್ಕೆ ಬಾಡಿಗೆಗೆ ಬರೋ ಹೆಂಗಸರು — ಕ್ಯಾಮೆರಾ ಕಂಡ್ರೆ ಹಿಂಗೇ ಮುಗಿಬೀಳ್ತಾರೆ.” ಬೆಂಗಳೂರಿನವನ ಹಾಗೇ ಹೇಳಿದೆ.

ಹನುಮಕ್ಕ ಸೆರಗು ಇಳಿಸಿದರು. “ಸಾಹೇಬ್ರು ಹೇಳಿದ್ದು ಖರೇ ಐತ್ರಿ. ನಾ ಸುಮ್ನ ನೋಡಾಕ ಬಂದಾಕಿ.”

ಅವರ ಬಾಯಲ್ಲಿ ಅಲ್ಲಿಯವರೆಗೂ ನಾನು ‘ಲೇ ಕೊಟ್ರೇಶಿ’. ನನ್ನ ಸುಳ್ಳಿಗೂ ಅವರೇ ಆಸರೆ ಕೊಟ್ಟು ಹೊರಟುಹೋದರು. ಅವರ ಬೆನ್ನು ಇನ್ನೂ ಕಾಣುತ್ತಿರುವಾಗಲೇ ನಾನು, ಅವರು ಉಸುರಿದ ಮಾತನ್ನು ಅವರು ಉಸುರಿದ ಹಾಗೇ ಆಡಿದೆ. ನನಗೆ ಹೆಸರು ಬಂದದ್ದು ಆ ದೃಶ್ಯದಿಂದ. ಆ ಹೆಸರಿನ ಅನ್ನವನ್ನೇ ಇಂದಿಗೂ ಉಣ್ಣುತ್ತಿದ್ದೇನೆ — ನಾಚಿಕೆಯಿಲ್ಲದೆ.

ತಡವಾಗಿ, ತೀರ ತಡವಾಗಿ, ಕೂಡ್ಲಿಗಿಗೆ ಹೋದೆ. ನೆರೆಮನೆಯಾಕೆ, “ಯಕ್ಕಾ, ಟೀವ್ಯಾಗ ಬರೋರು ಬಂದಾರ, ನೋಡು ಬಾ!” ಎಂದು ಕೂಗಿದಳು. ಹನುಮಕ್ಕ ಬಾಗಿಲಿಗೆ ಬಂದು ನನ್ನನ್ನು ನೆಟ್ಟಗೆ ನೋಡಿದರು.

“ಯಾರ್ರಿ ತಾವು?”

ಈಗಲೂ ನನ್ನ ಉತ್ತರವನ್ನು ಅವರೇ ಹೇಳಿಕೊಟ್ಟಾರೆಂದು — ಎಂಥ ನಾಚಿಕೆಗೇಡಿ ನಾನು — ಕಾದು ನಿಂತೆ. ಸೆರಗು ಹೆಗಲ ಮೇಲೆಯೇ ಇತ್ತು.