ಉಂಡು ಕೆಟ್ಟ ಕೊಳ

ಮೀನು ಸಾಕುವ ಅಕ್ಕನ ಕೋಪ ಊರಿಗೆಲ್ಲ ಗೊತ್ತಿತ್ತು. ತಕ್ಕಡಿಯಲ್ಲಿ ಕೈಚಳಕ ತೋರಿಸಿದ ವ್ಯಾಪಾರಿಯೊಬ್ಬನನ್ನು ಬುಟ್ಟಿ ಸಮೇತ ನೀರಿಗೆ ತಳ್ಳಿದವಳು ಎಂದು ಜನ ಹೇಳುತ್ತಿದ್ದರು. "ತಳ್ಳಲಿಲ್ಲ, ಅವನೇ ಹಿಂದಕ್ಕೆ ಹಿಂದಕ್ಕೆ ಹೋಗಿ ಬಿದ್ದ," ಎಂದು ಅವಳು ತಿದ್ದುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲಿನ ಹಿಂದಿನ ಪಾಳು ಕೊಳವನ್ನು ಗುತ್ತಿಗೆಗೆ ಹಿಡಿದು, ಸೊಂಟದವರೆಗೂ ಕೆಸರಿನಲ್ಲಿ ನಿಂತು ಹೂಳೆತ್ತಿ, ಮೀನುಮರಿ ಬಿಟ್ಟಿದ್ದಳು. ಮಗಳನ್ನು ನರ್ಸಿಂಗ್ ಓದಿಸಿದ್ದೂ ಆ ಕೊಳವೇ.

ಹಾಸ್ಟೆಲಿನ ಅಡುಗೆಯವನು ಅವಳ ಸ್ವಂತ ತಮ್ಮ. ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಉಳಿದ ಅನ್ನ, ಗಂಜಿ, ತರಕಾರಿ ಸಿಪ್ಪೆಯನ್ನೆಲ್ಲ ಬಕೆಟ್ಟಿನಲ್ಲಿ ತಂದು ಕೊಳಕ್ಕೆ ಸುರಿಯತೊಡಗಿದ. ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಕೊಳೆತದ್ದನ್ನು ಹೀರಿ ನೀರಿನಲ್ಲಿ ತೆಳುವಾಗಿ ಪಾಚಿ ಹುಟ್ಟಿತು, ಪಾಚಿಯನ್ನು ಸಣ್ಣ ಹುಳುಗಳು ಮೇದವು, ಹುಳುಗಳನ್ನು ಮೀನುಗಳು ನುಂಗಿದವು. ಮೀನು ಮೈತುಂಬಿಕೊಂಡವು. ತಮ್ಮ ಮೀಸೆ ತಿರುವಿದ.

ಹಾಸ್ಟೆಲಿಗೆ ಹೊಸ ಕಟ್ಟಡ ಬಂದು ಊಟಕ್ಕೆ ಕೂರುವವರು ಹೆಚ್ಚಾದಾಗ ಅವನಿಗೆ ಬಕೆಟ್ ಹೊರುವುದು ಬೇಸರವಾಯಿತು. ಅಡುಗೆಮನೆಯ ಮೋರಿಯನ್ನೇ ಕೊಳಕ್ಕೆ ತಿರುಗಿಸಿಬಿಟ್ಟ. ಪಾತ್ರೆ ತೊಳೆದ ಸೋಪಿನ ನೀರು, ಜಿಡ್ಡು, ಎಂಜಲು ಎಲ್ಲವೂ ಇಳಿದುಬಂದವು. ನೀರು ಬರಬರುತ್ತ ಹಸಿರು ಹಿಟ್ಟು ಕಲಸಿದಂತಾಯಿತು.

"ಮೋರಿ ಮುಚ್ಚು," ಎಂದಳು ಅಕ್ಕ. "ಕೊಳ ನಾರ್ತಿದೆ."

"ಕೂತಲ್ಲಿಗೇ ಊಟ ಬಂದ್ರೂ ನಿಂಗೆ ತಕರಾರು," ಎಂದು ಅವನು ನಕ್ಕ. "ಹೊಟ್ಟೆ ತುಂಬ ತಿನ್ಲಿ ಬಿಡಕ್ಕ."

ಅವಳು ಮತ್ತೆ ಮತ್ತೆ ಹೇಳಿದಳು. ಅವನು ಮತ್ತೆ ಮತ್ತೆ ನಕ್ಕ.

ಮೋಡ ಕವಿದ ಒಂದು ಬೆಳಗ್ಗೆ ಅವಳು ಏರಿಯ ಮೇಲೆ ಬಂದಾಗ ಕೊಳ ಬೆಳ್ಳಗಿತ್ತು. ಹೆಚ್ಚಿನ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇನ್ನೂ ಜೀವವಿದ್ದ ಕೆಲವು ದಡಕ್ಕೆ ಬಂದು ಗಾಳಿಗೆ ಬಾಯಿ ತೆರೆಯುತ್ತಿದ್ದವು. ಮೀನುಗಾರಿಕೆ ಇಲಾಖೆಯ ಹೆಂಗಸು ಬಂದು ನೀರು ಪರೀಕ್ಷಿಸಿ ಬೇಸರದಿಂದ ತಲೆಯಾಡಿಸಿದಳು.

"ವಿಷ ಅಲ್ಲಮ್ಮ. ನೀರಿಗೆ ಊಟ ಜಾಸ್ತಿಯಾಗಿದೆ. ಪಾಚಿ ವಿಪರೀತ ಬೆಳೀತು. ಕತ್ತಲಾದ್ರೆ ಪಾಚಿಗೂ ಉಸಿರಾಡೋಕೆ ಗಾಳಿ ಬೇಕು. ಕೊಳೆಸೋ ಕ್ರಿಮಿಗಳಿಗೂ ಬೇಕು. ನೀರಲ್ಲಿದ್ದ ಗಾಳಿನೆಲ್ಲ ಅವೇ ಎಳ್ಕೊಂಡ್ವು. ಮೀನಿಗೆ ಉಳೀಲಿಲ್ಲ."

ಅಕ್ಕ ಅಳಲಿಲ್ಲ. ಸತ್ತ ಮೀನುಗಳನ್ನು ಬಲೆಯಲ್ಲಿ ಎಳೆದು, ತಳ್ಳುಗಾಡಿಗೆ ತುಂಬಿ, ಹಾಸ್ಟೆಲಿನ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ರಾಶಿ ಸುರಿದಳು. ತಮ್ಮ ಸೌಟು ಹಿಡಿದು ಹೊರಗೆ ಬಂದವನು ಹಾಗೇ ನಿಂತ.

"ನೀನು ಬಡಿಸಿದ್ದು ತಿಂದೇ ಸತ್ವು," ಎಂದಳು. "ಈಗ ನೀನೇ ಎತ್ತು."

"ನಾನು ಒಳ್ಳೇದಕ್ಕೇ..."

"ನಿನ್ನ ಒಳ್ಳೇದಕ್ಕೆ ಬೆಂಕಿ ಬೀಳ. ಹೇಳಿದಾಗ ಕಿವಿ ಎಲ್ಲಿಟ್ಟಿದ್ದೆ?"

ಅಲ್ಲಿಂದ ನೇರ ಹೋಗಿ ಮೋರಿಯ ಬಾಯಿಗೆ ಕಲ್ಲು, ಮಣ್ಣು, ಹರಕು ಗೋಣಿಚೀಲ ಜಡಿದಳು. ಸ್ವಲ್ಪ ಹೊತ್ತಿಗೆ ಮೋರಿಯ ನೀರು ಅಡುಗೆಮನೆಯೊಳಕ್ಕೇ ವಾಪಸ್ ನುಗ್ಗಿ ಪಾತ್ರೆಗಳು ತೇಲಿದವು. ಹಾಸ್ಟೆಲಿನ ಮೇಲ್ವಿಚಾರಕ ಪ್ಯಾಂಟು ಮಡಚಿಕೊಂಡು ಓಡಿಬಂದ.

"ಇದು ಹಾಸ್ಟೆಲಿನ ಮೋರಿ, ಮುಚ್ಚೋಕೆ ನಿಮಗೇನು ಹಕ್ಕು?"

"ಕೊಳ ನನ್ನದು. ತೆಗೆದ್ರೆ ಆ ಮೀನಿನ ರಾಶಿ ನಿಮ್ಮ ಆಫೀಸಿಗೆ ಬರುತ್ತೆ."

ರಾಶಿಯ ಮೇಲೆ ಆಗಲೇ ನೊಣ ಮುತ್ತಿದ್ದವು. ಅವನು ಮೂಗು ಮುಚ್ಚಿಕೊಂಡು ಒಪ್ಪಿದ.

ಹಾಸ್ಟೆಲಿನ ಹಿತ್ತಿಲಿನ ಬರಡು ನೆಲದಲ್ಲಿ ಉದ್ದಕ್ಕೂ ಕಾಲುವೆ ತೋಡಿ ಮೋರಿಯನ್ನು ಅಲ್ಲಿಗೆ ತಿರುಗಿಸಬೇಕಾಯಿತು. ತೋಡಿದ್ದು ತಮ್ಮನೇ, ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ. ಮೀನುಗಳನ್ನು ಅದರ ಪಕ್ಕದಲ್ಲೇ ಹೂತು, ಮೇಲೆ ಕುಂಬಳದ ಬೀಜ ಹಾಕಿದ. ಬಳ್ಳಿ ಕಾಂಪೌಂಡನ್ನೇ ಮುಚ್ಚುವಂತೆ ಹಬ್ಬಿತು. ಮೊದಲ ಕಾಯಿಯನ್ನು ಹೆಗಲ ಮೇಲೆ ಹೊತ್ತು ಅಕ್ಕನ ಮನೆಗೆ ಬಂದ.

ಅಕ್ಕ ಅದನ್ನು ನೋಡಿದಳು. "ನನ್ನ ಮೀನೇ ಇದು," ಎಂದಳು.

"ಹೌದಕ್ಕ."

"ಒಳಗಿಡು. ನೀನು ಹೊರಡು."

ಕುಂಬಳಕಾಯಿಯನ್ನು ಹೆಚ್ಚಿ, ಬೇಯಿಸಿ, ಒಬ್ಬಳೇ ಕೂತು ತಿಂದಳು. ರುಚಿಯಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕೊಳ ತಿಳಿಯಾಗಲು ಬಹಳ ಕಾಲ ಹಿಡಿಯಿತು. ತಳದ ಕೊಳೆತ ಹೂಳನ್ನು ಎತ್ತಿದಳು, ಹೊಸ ನೀರು ಬಿಟ್ಟಳು. ಮತ್ತೆ ಮರಿ ಬಿಟ್ಟ ದಿನ ತಮ್ಮ ದೂರದಲ್ಲಿ ನಿಂತಿದ್ದ. ಅವಳು ಹತ್ತಿರ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ.